ತೆನೆಗೆ ಬೇಕಾಗಿದ್ದ ಹೊಗೆ

ಈ ಒಲೆಯ ಕಥೆಯನ್ನು ಇದುವರೆಗೆ ಮೂರು ಮಂದಿಗೆ ಹೇಳಿದ್ದೇನೆ. ಮೂರು ಸಲವೂ ಅದು ಚೆನ್ನಾಗಿಯೇ ಬಂತು. ನನಗೆ ಅನುಮಾನ ಇರುವುದು ಅಲ್ಲಿಯೇ. ಏನನ್ನೇ ನೆನಪಿಸಿಕೊಂಡರೂ ಅದಕ್ಕೊಂದು ಆರಂಭ, ಒಂದು ನಡು, ಕೊನೆಗೊಂದು ನೀತಿ ಬಂದು ಕೂರುತ್ತದೆ. ವರ್ಷಗಟ್ಟಲೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರಿಗೆ ಅಂಟುವ ರೋಗವಿರಬೇಕು. ಈ ಸಲ ಹಾಗಾಗದಂತೆ ಬರೆಯಲು ನೋಡುತ್ತೇನೆ. ದಣಿವಂತೂ ಬೇಕಾದಷ್ಟಿದೆ. ದಣಿದವರು ಕಥೆ ಕಟ್ಟುವುದು ಕಡಿಮೆ ಅಂದುಕೊಂಡಿದ್ದೇನೆ.

ನಮ್ಮ ಮನೆ ಘೋಡಗೇರಿಯ ಹತ್ತಿರ, ಹುಕ್ಕೇರಿ ತಾಲೂಕಿನಲ್ಲಿ. ನನ್ನ ತವರು ಮೂಡಲಗಿ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ನಾಲ್ಕೈದು ದಿನ ಮನೆಯಲ್ಲಿರುತ್ತಾನೆ. ಉಳಿದ ದಿನ ನಾನು, ನನ್ನ ಅತ್ತೆ, ಎರಡು ಎಮ್ಮೆ. ಅಡುಗೆಮನೆಯಲ್ಲಿ ಗ್ಯಾಸ್ ಇದೆ. ಚಹಾ, ಅನ್ನ, ಪಲ್ಯ ಅದರ ಮೇಲೆ. ರೊಟ್ಟಿ ಮಾತ್ರ ಕಟ್ಟಿಗೆ ಒಲೆಯ ಮೇಲೆ. ಗ್ಯಾಸಿನ ಉರಿ ಹಂಚಿನ ನಡುವನ್ನಷ್ಟೇ ಕಾಯಿಸುತ್ತದೆ, ರೊಟ್ಟಿಯ ಅಂಚು ಹಸಿಯಾಗಿ ಉಳಿಯುತ್ತದೆ, ಕೆಂಡದ ಮುಂದೆ ನಿಲ್ಲಿಸಿದಂತೆ ಉಬ್ಬುವುದಿಲ್ಲ ಎಂದು ಅತ್ತೆ ಹೇಳುತ್ತಾರೆ. ನಂಬದೆ ಒಮ್ಮೆ ಎರಡನ್ನೂ ಮಾಡಿ, ಕಣ್ಣು ಮುಚ್ಚಿ ತಿಂದು ನೋಡಿದೆ. ವ್ಯತ್ಯಾಸ ಗೊತ್ತಾಯಿತು. ನಾಲಗೆಗೆ ಗೊತ್ತಾಯಿತೋ ಅತ್ತೆಯ ಮಾತು ಕೇಳಿ ಕೇಳಿ ಕಿವಿಗೆ ಗೊತ್ತಾಯಿತೋ, ಹೇಳಲಾರೆ.

ಒಲೆಯ ಮೇಲೆ, ಕೈಗೆ ನಿಲುಕದ ಎತ್ತರದಲ್ಲಿ, ಒಂದು ಬಿದಿರಿನ ಗಳ. ಅದಕ್ಕೆ ಬಿಳಿಜೋಳದ ತೆನೆಗಳನ್ನು ಗೊಂಚಲು ಕಟ್ಟಿ ತೂಗಿಬಿಟ್ಟಿರುತ್ತಿದ್ದರು. ಬಿತ್ತನೆಯ ಬೀಜ ಅದು. ಅತ್ತೆ ಕಣಗಲಾದಿಂದ ಮದುವೆಯಾಗಿ ಬರುವಾಗ ಅವರ ತಾಯಿ ಉಡಿಯಲ್ಲಿ ಹಾಕಿ ಕಳಿಸಿದ ಬೀಜದ ಸಂತಾನ. ವರ್ಷವಿಡೀ ಒಲೆಯ ಹೊಗೆ ಕುಡಿದು ಆ ತೆನೆಗಳು ಕಪ್ಪಗಾಗುತ್ತಿದ್ದವು, ಒಂದು ಹುಳವೂ ಹತ್ತುತ್ತಿರಲಿಲ್ಲ. ಹಿಂಗಾರಿ ಬಿತ್ತನೆಯ ಮುಂದೆ ಓಣಿಯ ಹೆಂಗಸರು ಬಂದು ಕೇಳುತ್ತಿದ್ದರು. ಅತ್ತೆ ಅಳೆಯದೆ ಅವರ ಉಡಿಗೆ ಹಾಕುತ್ತಿದ್ದರು. ಆ ನಾಲ್ಕು ದಿನ ಅವರ ನಡಿಗೆಯೇ ಬೇರೆ ಇರುತ್ತಿತ್ತು.

ಕೆಮ್ಮು ಯಾವಾಗ ಶುರುವಾಯಿತು? ನಾನು ಮದುವೆಯಾಗಿ ಬಂದಾಗಲೇ ಇತ್ತು. ಅಥವಾ ಆಗ ನಾನು ಗಮನಿಸಿದ್ದು ಮಾತ್ರವಿರಬಹುದು. ಒಂದು ಚಳಿಗಾಲದಲ್ಲಿ ನೀರಿನ ಕೊಡ ಎತ್ತಿಕೊಂಡು ಬರುವಾಗ ಅಂಗಳದ ನಡುವೆ ನಿಂತುಬಿಟ್ಟರು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಗೋಕಾಕಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಮ್ಮಾ, ಬೀಡಿ ಸೇದ್ತೀರೇನು?"

"ನಾ ಯಾಕ ಸೇದ್ಲಿರಿ ಸಾಹೇಬ್ರ? ಮನ್ಯಾಗ ಗಂಡಸರು ಸೇದಿದ್ದ ಸಾಕಾಗಿಲ್ಲೇನು?"

"ಸೇದಿದವ್ರಕಿಂತ ಹೆಚ್ಚ ಕೆಟ್ಟೈತಿ ಒಳಗ. ಒಲಿ ಹೊಗಿರಿ ಇದು. ಇನ್ನೆರಡ ಮಳಿಗಾಲ ಹಿಂಗ ಹೊಗ್ಯಾಗ ಕುಂತ್ರ ಉಸರಾಡಾಕ ಮಷೀನ್ ಹಚ್ಚಬೇಕಾಗ್ತೈತಿ."

ಅತ್ತೆ ನನ್ನ ಕಡೆ ನೋಡಿದರು, ಮಷೀನಿನ ಮಾತನ್ನು ನಾನೇ ಡಾಕ್ಟರಿಗೆ ಹೇಳಿಕೊಟ್ಟೆನೇನೋ ಎಂಬಂತೆ.

ಆ ಬೇಸಿಗೆ ರಜೆಯಲ್ಲಿ ಹೊಸ ಒಲೆ ಹಾಕಿಸಿದೆ. ಹಾಕಲು ಯಮಕನಮರಡಿ ಕಡೆಯಿಂದ ಬಂದ ಹೆಂಗಸು ಮಾತಿನಲ್ಲಿಯೂ ಕೆಲಸದಲ್ಲಿಯೂ ಚುರುಕು. ಹುತ್ತದ ಮಣ್ಣು, ಹೊಟ್ಟು, ಸೆಗಣಿ ಕಲಸಿ ಒಂದು ದಿನ ಕೊಳೆಯಲು ಬಿಟ್ಟು, ಮರುದಿನ ಎರಡು ಕಣ್ಣಿನ ಒಲೆ ಎಬ್ಬಿಸಿದಳು. ಮುಂದಿನ ಕಣ್ಣಿಗೆ ರೊಟ್ಟಿಯ ಹಂಚು. ಹಿಂದಿನದಕ್ಕೆ ನೀರಿನ ಪಾತ್ರೆ, ಹಂಚಿಗೆ ಬಡಿದು ಉಳಿದ ಉರಿ ನೀರು ಕಾಯಿಸಲಿ ಎಂದು. ಅದರ ಹಿಂದಿನಿಂದ ಹಂಚಿನ ಮಾಡು ದಾಟಿ ಹೋಗುವ ಸಿಮೆಂಟಿನ ಪೈಪು. ಒಲೆಯ ಬಾಯಿಯನ್ನು ಮಾತ್ರ ಗೇಣಿಗಿಂತ ಸಣ್ಣದಾಗಿಟ್ಟಳು.

"ಇಷ್ಟ ಸಣ್ಣದಕ್ಕ ಕಟಗಿ ಹೆಂಗ ಹೋಗ್ತಾವ?" ಅತ್ತೆ ಕೇಳಿದರು.

"ಸಣ್ಣಂಗ ಸೀಳಿ ಹಾಕ್ರಿ, ಹೋಗ್ತಾವ. ಬಾಯಿ ದೊಡ್ಡದ ಮಾಡಬ್ಯಾಡ್ರಿ ಮತ್ತ. ಒಲಿದೂ ಹೆಂಗಸ್ರದೂ ಬಾಯಿ ಸಣ್ಣದಿರಬೇಕ ಅಂತಾರ ಗಂಡಸ್ರು. ಒಲಿ ಮಟ್ಟಿಗೆ ಅದ ಖರೆ ಐತಿ."

ಒಲೆಯೊಳಗೆ ನಾಲ್ಕು ಕಬ್ಬಿಣದ ಸಲಾಕೆ ಅಡ್ಡ ಇಟ್ಟು ಅವುಗಳ ಮೇಲೆ ಕಟ್ಟಿಗೆ ಒಡ್ಡಿ ತೋರಿಸಿದಳು. ಕೆಳಗಿನಿಂದ ಗಾಳಿ ಬರಬೇಕು, ಅರ್ಧ ಬಾಯಿ ಗಾಳಿಗೆ ಬಿಡಬೇಕು, ತುರುಕಿದರೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಒಲೆ ಹಚ್ಚುವಾಗ ಕಿಟಕಿ ತೆರೆದಿರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು. ಉರಿ ಹತ್ತಲಿಲ್ಲವೆಂದು ಸೀಮೆಎಣ್ಣೆ ಸುರಿಯಬಾರದು. ರೊಟ್ಟಿ ಮುಗಿದ ಕೂಡಲೇ ಕಟ್ಟಿಗೆ ಹಿಂದಕ್ಕೆಳೆದು ತುದಿಯನ್ನು ಬೂದಿಯಲ್ಲಿ ಒತ್ತಿ ಆರಿಸಬೇಕು, ಅದೇ ಕಟ್ಟಿಗೆ ನಾಳೆಗೂ ಬರುತ್ತದೆ. ತಿಂಗಳಿಗೊಮ್ಮೆ ಪೈಪಿನ ಮಸಿ ತೆಗೆಯಬೇಕು.

ನಾನು ಎಲ್ಲವನ್ನೂ ಕೇಳಿ ನಡೆಸಿದೆ. ಹತ್ತಿಯ ಕಟ್ಟಿಗೆ, ಜಾಲಿಯ ತುಂಡುಗಳನ್ನು ಬಿಸಿಲಿಗೆ ಹರವಿ ಒಣಗಿಸಿದೆ. ಒಣಗಿತೋ ಇಲ್ಲವೋ ತಿಳಿಯಲು ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ಸಪ್ಪಳ ಕೇಳುತ್ತಿದ್ದೆ. ಹಸಿಯಾದುದು ಡಬ್ ಅನ್ನುತ್ತದೆ, ಒಣಗಿದ್ದು ಠಣ್ ಅನ್ನುತ್ತದೆ.

"ಸಾಲ್ಯಾಗ ಹುಡುಗ್ರಿಗೆ ಮಗ್ಗಿ ಕೇಳಿದಂಗ ಕಟಗಿಗೂ ಕೇಳ್ತಾಳ ನೋಡ ನಮ್ಮ ಅಕ್ಕೋರು," ಎಂದು ಅತ್ತೆ ಪಕ್ಕದ ಮನೆಯವಳಿಗೆ ಹೇಳಿ ನಕ್ಕರು. ನಗುವಾಗ ಕೆಮ್ಮು ಬರಲಿಲ್ಲ. ಇದು ನನಗೆ ಗಟ್ಟಿಯಾಗಿ ನೆನಪಿದೆ, ಅಥವಾ ಗಟ್ಟಿಯಾಗಿ ನೆನಪಿರಬೇಕೆಂದು ಅನ್ನಿಸುತ್ತದೆ. ಮೊದಲು ಎರಡು ದಿನಕ್ಕೆ ಮುಗಿಯುತ್ತಿದ್ದ ಕಟ್ಟಿಗೆಯ ಹೊರೆ ನಾಲ್ಕು ದಿನ ಬರತೊಡಗಿತು. ಪಾತ್ರೆಗಳ ತಳ ಬೆಳ್ಳಗುಳಿಯಿತು. ಗೋಡೆಗೆ ಸುಣ್ಣ ಬಳಿದೆ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ರೊಟ್ಟಿಯ ಹಿಟ್ಟಿನ ಮೇಲೆ ಸಣ್ಣಗೆ ಏನೋ ಉದುರಿತು. ಬೆರಳಿಗೆ ಹಚ್ಚಿ ನೋಡಿದರೆ ಕಾಳಿನ ಪುಡಿ. ಮೇಲಿನ ತೆನೆಗಳಿಗೆ ನುಸಿ ಹತ್ತಿತ್ತು. ಹೊಗೆ ಪೈಪಿನಲ್ಲಿ ಹೋಗುತ್ತಿತ್ತು, ತೆನೆಗಳಿಗೆ ಸಿಗುತ್ತಿರಲಿಲ್ಲ. ಇಷ್ಟು ಸರಳ ಸಂಗತಿ ನಮಗೆ ಯಾರಿಗೂ ಹೊಳೆದಿರಲಿಲ್ಲ. ಅತ್ತೆ ಒಂದು ಗೊಂಚಲು ಇಳಿಸಿ ಅಂಗೈಯಲ್ಲಿ ತಿಕ್ಕಿದರು. ಕಾಳಿಗೊಂದು ತೂತು. ಕೆಟ್ಟ ಗೊಂಚಲನ್ನು ಎಮ್ಮೆಗೆ ಹಾಕಿದರು. ನಾನು ಬಸ್ಸಿಗೆ ತಡವಾಗುತ್ತದೆಂದು ಹೊರಟೆ.

ಆಮೇಲೆ ಕೆಮ್ಮು ತಿರುಗಿ ಬಂತು. ಒಲೆ ಹಾಕಿದವಳ ತಪ್ಪೇನೋ ಎಂದು ಫೋನ್ ಮಾಡಿದೆ. ಕಟ್ಟಿಗೆ ನೆನೆದಿರಬೇಕೆಂದು ಎಲ್ಲವನ್ನೂ ಒಳಗೆ ಪೇರಿಸಿದೆ. ಎರಡು ವಾರಕ್ಕೊಮ್ಮೆ ಮಸಿ ತೆಗೆದೆ. ಬಿಳಿ ಗೋಡೆ ಮತ್ತೆ ಕಂದಾಗುತ್ತಿತ್ತು, ಬೆಳಿಗ್ಗೆ ನಾನು ರೊಟ್ಟಿ ಮಾಡುವಾಗ ಮಾತ್ರ ಹೊಗೆಯೇ ಇರುತ್ತಿರಲಿಲ್ಲ. ಮೂರು ಮಂದಿಗೂ ನಾನು ಹೇಳಿದ್ದು ಇಷ್ಟು: ನಾನು ಎಲ್ಲ ಪ್ರಯತ್ನ ಮಾಡಿದೆ, ಕಾರಣ ಗೊತ್ತಾಗಲಿಲ್ಲ, ಕೊನೆಗೆ ಒಂದು ದಿನ ಗೊತ್ತಾಯಿತು.

ಸುಳ್ಳು. ಆ ಕೊನೆಯ ದಿನಕ್ಕಿಂತ ಒಂದು ತಿಂಗಳ ಮೊದಲು, ಒಂದು ರವಿವಾರ ಬೆಳಿಗ್ಗೆ, ಒಲೆ ಹಚ್ಚುವ ಮೊದಲು, ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದವಳು ತಲೆಯೆತ್ತಿ ಮಾಡಿನ ಕಡೆ ನೋಡಿದೆ. ಪೈಪಿನ ಬಾಯಿಯಲ್ಲಿ ಹಳೆಯ ಕೌದಿಯ ಚಿಂದಿ ತುರುಕಿತ್ತು. ಹಿತ್ತಲ ಗೋಡೆಯ ಮೇಲೆ ಹತ್ತಿದರೆ ಕೈ ನಿಲುಕುತ್ತದೆ. ಮಳೆ ನೀರು ಇಳಿಯದಿರಲಿ ಎಂದು ಮುಚ್ಚಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದು ಬಹಳ ಬೇಗ ಹೇಳಿಕೊಂಡೆ. ನಾನು ಶಾಲೆಗೆ ಹೋದ ಮೇಲೆ ಅತ್ತೆ ಪೈಪು ಮುಚ್ಚಿ, ಸೆಗಣಿಯ ಹಸಿ ಕುಳ್ಳು, ಬೇವಿನ ತಪ್ಪಲು ಹಾಕಿ ತೆನೆಗಳಿಗೆ ಹೊಗೆ ಕೊಡುತ್ತಿದ್ದಾರೆ, ನಾನು ಬರುವ ಮೊದಲು ಚಿಂದಿ ತೆಗೆಯುತ್ತಾರೆ, ಹಿಂದಿನ ದಿನ ಮರೆತಿದ್ದಾರೆ. ಇದೆಲ್ಲ ಆ ಕ್ಷಣದಲ್ಲಿಯೇ ಹೊಳೆದಿತ್ತೆಂದು ಈಗ ಅನ್ನಿಸುತ್ತದೆ. ಆಗ ಅಷ್ಟು ಸ್ಪಷ್ಟವಿತ್ತೇ? ಅರ್ಧದಷ್ಟಾದರೂ ಇತ್ತು. ಕೇಳಿದರೆ ಜಗಳ. ಜಗಳವಾದರೆ ಎರಡು ದಿನ ಮಾತಿಲ್ಲ, ಅಡುಗೆ, ಎಮ್ಮೆ, ಶಾಲೆ ಎಲ್ಲ ನನ್ನ ತಲೆಯ ಮೇಲೆ. ಒಗೆದ ಬಟ್ಟೆ ಹಿಂಡಿ ಒಣಹಾಕಿದೆ.

ಭಾದ್ರಪದದ ಒಂದು ದಿನ ಮಳೆ ಜೋರಾಗಿ ಶಾಲೆಯನ್ನು ಮಧ್ಯಾಹ್ನಕ್ಕೇ ಬಿಟ್ಟರು. ಮನೆಯ ತಿರುವಿಗೆ ಬಂದಾಗ ಹಂಚುಗಳ ಸಂದಿನಿಂದ ಹೊಗೆ ಏಳುತ್ತಿತ್ತು. ಅಡುಗೆಮನೆಯ ಬಾಗಿಲು, ಕಿಟಕಿ ಮುಚ್ಚಿದ್ದವು. ನಾನು ಬಾಗಿಲು ಒದ್ದು ಒಳಹೊಕ್ಕು ಅತ್ತೆಯನ್ನು ಎತ್ತಿಕೊಂಡು ಬಂದೆ ಎಂದು ಹೇಳುತ್ತ ಬಂದಿದ್ದೇನೆ. ಪಕ್ಕದ ಮನೆಯವಳು ಹೇಳುವುದು ಬೇರೆ. ಬಾಗಿಲಿಗೆ ಅಗಳಿಯೇ ಇರಲಿಲ್ಲವಂತೆ, ಹೊಗೆ ಹೊರಗೆ ಹೋಗದಂತೆ ಒಳಗಿನಿಂದ ಗೋಣಿಚೀಲ ಒತ್ತಿದ್ದರಂತೆ. ನಾನು ಹೊಸ್ತಿಲಲ್ಲಿ ನಿಂತು "ಅತ್ತೀ, ಅತ್ತೀ" ಎಂದು ಕೂಗುತ್ತಿದ್ದೆನಂತೆ. ಒಳಗೆ ಹೋಗಿ ರಟ್ಟೆ ಹಿಡಿದು ಎಳೆದು ತಂದವಳು ತಾನಂತೆ. ಅವಳಿಗೆ ಸುಳ್ಳು ಹೇಳುವ ಅಗತ್ಯವಿಲ್ಲ. ನನಗಿದೆ.

ಮಳೆಯಲ್ಲಿಯೇ ಕಟ್ಟೆಯ ಮೇಲೆ ಮಲಗಿಸಿದೆವು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ವಾಂತಿಯಾಯಿತು. ಕಣ್ಣು ತೆರೆದವರೇ ಪಕ್ಕದ ಮನೆಯವಳನ್ನು ನೋಡಿ, "ತೆನಿ ಇಳಸಬ್ಯಾಡ್ರಿ, ಇನ್ನ ಎರಡ ದಿನಾ ಬೇಕು," ಅಂದರು.

"ನಿನ್ನ ತೆನಿಗೆ ಬೆಂಕಿ ಹಚ್ಚಲಿ! ಸಾಯಾಕ ಕುಂತಿದ್ದಿಯಲ್ಲ ಮುದಿಕಿ," ಎಂದು ಬೈಯುತ್ತ ಅವಳು ತನ್ನ ಸೆರಗಿನಿಂದಲೇ ಅತ್ತೆಯ ಬಾಯಿ ಒರೆಸಿದಳು.

ಗೋಕಾಕದ ಅದೇ ಡಾಕ್ಟರು ಎರಡು ದಿನ ಆಕ್ಸಿಜನ್ ಹಚ್ಚಿ ಇಟ್ಟುಕೊಂಡರು. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಉರಿಯುವ ಬೆಂಕಿ ಕಣ್ಣಿಗೆ ಕಾಣುವ ಹೊಗೆಯಿಂದಷ್ಟೇ ಕೊಲ್ಲುವುದಿಲ್ಲ, ಕಾಣದ, ವಾಸನೆಯಿಲ್ಲದ ಒಂದು ವಿಷವೂ ಅದರಲ್ಲಿ ಇರುತ್ತದೆ ಎಂದು ನನ್ನನ್ನು ನಿಲ್ಲಿಸಿ ಹೇಳಿದರು. ಉರಿಯಲು ಗಾಳಿ ಬೇಕೆಂಬ ಪಾಠವನ್ನು ನಾನು ಪ್ರತಿವರ್ಷ ಗಾಜಿನ ಲೋಟ, ಮೇಣದಬತ್ತಿ ಇಟ್ಟು ಮಾಡುತ್ತೇನೆ. ತಲೆಯಾಡಿಸಿದೆ.

"ಪೈಪ್ ಯಾಕ ಮುಚ್ಚಿದ್ರಿ?" ಎಂದು ಅತ್ತೆಯನ್ನು ಕೇಳಿದರು.

"ಮಳಿ ನೀರ ಇಳೀತಿತ್ರಿ," ಅಂದರು ಅತ್ತೆ. ನಾನು ನನಗೆ ಹೇಳಿಕೊಂಡಿದ್ದ ಅದೇ ಮಾತು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಕಿಟಕಿಯ ಬದಿಗೆ ಅವರನ್ನು ಕೂರಿಸಿದೆ. ಬಹಳ ದೂರ ಕಬ್ಬಿನ ಹೊಲಗಳನ್ನು ನೋಡುತ್ತ ಕುಳಿತಿದ್ದು, ನನ್ನ ಕಡೆ ತಿರುಗದೆ ಕೇಳಿದರು.

"ನಿನಗ ಗೊತ್ತಿತ್ತಲ್ಲ?"

ನಾನು ಕೈಯಲ್ಲಿದ್ದ ಟಿಕೆಟನ್ನು ಸಣ್ಣಗೆ ಮಡಚಿದೆ.

"ಅರಿವಿ ಒಗೀವಾಗ ಮ್ಯಾಲ ನೋಡಿದ್ದಿ ನೀ. ನೋಡಿದ್ದನ್ನ ನಾ ನೋಡೀನಿ."

"ಹೂಂರಿ."

"ಮತ್ತ್ಯಾಕ ಸುಮ್ಮನಿದ್ದಿ?"

"ದಣದಿದ್ನಿರಿ ಅತ್ತಿ."

ಬಯ್ಯುತ್ತಾರೆಂದು ಕಾದೆ. ಅವರು ಉಸಿರನ್ನು ಎರಡು ಕಂತಿನಲ್ಲಿ ಒಳಗೆಳೆದುಕೊಂಡು, "ನಾನೂ ದಣದಿದ್ನಿ. ನೀ ಕೇಳ್ತಿ, ಆಗ ಬಿಟ್ಟರಾತು ಅಂತ ಅನ್ಕೊಂಡಿದ್ನಿ. ನೀ ಕೇಳಲೇ ಇಲ್ಲ," ಅಂದರು.

ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕಥೆ ಚೆನ್ನಾಗಿ ಬರುವುದಿಲ್ಲ.

ಆ ವರ್ಷದ ಬೀಜ ಹೇಗೋ ಉಳಿಯಿತು, ಹಂಚಿ ಆಯಿತು. ಮುಂದಿನ ಸುಗ್ಗಿಯಲ್ಲಿ ಆರಿಸಿದ ತೆನೆಗಳನ್ನು ಗಳಕ್ಕೆ ಕಟ್ಟಲು ನಾನು ಬಿಡಲಿಲ್ಲ. ಕಾಳು ಬಡಿದು, ಚೆನ್ನಾಗಿ ಒಣಗಿಸಿ, ಒಲೆಯ ಬೂದಿಯನ್ನು ಜರಡಿ ಹಿಡಿದು ಬೆರೆಸಿ, ಒಣಗಿದ ಬೇವಿನ ಎಲೆಯೊಂದಿಗೆ ಮಣ್ಣಿನ ಗಡಿಗೆಗೆ ತುಂಬಿ ಬಾಯಿಗೆ ಸೆಗಣಿ ಮೆತ್ತಿದೆ. ಅತ್ತೆ ಈಗ ಅಡುಗೆಮನೆಗೆ ಬರುವುದಿಲ್ಲ. ಹೊರಗಿನ ಕಟ್ಟೆಯೇ ಅವರ ಜಾಗ. ಅಲ್ಲಿಂದಲೇ ಬೂದಿ ಕಡಿಮೆಯಾಯಿತು, ಗಡಿಗೆಗೆ ಥಂಡಿ ಹತ್ತುತ್ತದೆ ಎಂದು ಹೇಳುತ್ತಿರುತ್ತಾರೆ. ಮಷೀನು ಇನ್ನೂ ಬಂದಿಲ್ಲ. ಆದರೆ ಮಾತಿನ ನಡುವೆ ನಿಲ್ಲುತ್ತಾರೆ, ಆಗ ಎದೆಯೊಳಗೆ ಬಾಗಿಲು ಕಿರುಗುಟ್ಟಿದಂಥ ಸಪ್ಪಳ. ಹೋದದ್ದು ಮರಳುವುದಿಲ್ಲ, ಇದ್ದದ್ದನ್ನು ಕಾಯಬೇಕು ಎಂದು ಡಾಕ್ಟರು ಹೇಳಿದ್ದಾರೆ.

ಮೊನ್ನೆ ಪಕ್ಕದ ಮನೆಯವಳು ಬೀಜಕ್ಕೆ ಬಂದಳು. ಗಡಿಗೆಯನ್ನು ಕಟ್ಟೆಗೆ ತಂದು ಅತ್ತೆಯ ಮುಂದೆ ಬಾಯಿಯ ಸೆಗಣಿ ಒಡೆದು ತೆರೆದೆ. ಅವರು ಹಿಡಿಕಾಳು ತೆಗೆದು ಬೂದಿ ಊದಲು ಹೋದರು. ಊದುವಷ್ಟು ಉಸಿರು ಬರಲಿಲ್ಲ. ಕೈ ಕೊಡವಿ, ಮೂಗಿಗೆ ಹಿಡಿದು ನೋಡಿದರು.

"ಹೊಗಿ ವಾಸನಿ ಇಲ್ಲ."

"ಇಲ್ರಿ."

ಕಾಳುಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿದರು. ಎರಡರಲ್ಲಿ ತೂತಿತ್ತು. ಅವನ್ನು ನನಗೆ ತೋರಿಸಿ ಕೆಳಗೆ ಹಾಕಿದರು.

"ಹುಟ್ತಾವೇನ ಇವು?" ಪಕ್ಕದ ಮನೆಯವಳು ಕೇಳಿದಳು.

"ನನ್ನ ಏನ್ ಕೇಳ್ತಿ, ಅಕೀನ್ನ ಕೇಳು. ಬೀಜ ಅಕೀದು ಈಗ. ಹುಟ್ಟಲಿಲ್ಲಂದ್ರ ಅಕೀಗೆ ಬಂದು ಬೈ," ಎಂದು ಅತ್ತೆ ಗಡಿಗೆಯನ್ನು ನನ್ನ ಕಡೆ ತಳ್ಳಿದರು.

ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇನೆ, ಮೊಳಕೆ ಬಂದರೆ ಹೇಳುತ್ತೇನೆ, ಮೂರು ದಿನ ತಡೆಯಿರಿ ಎಂದೆ. ಅವಳು ಆಗಲಿ ಎಂದು ಬರಿಗೈಯಲ್ಲಿ ಎದ್ದು ಹೋದಳು. ಅತ್ತೆಯ ಬಾಗಿಲಿನಿಂದ ಯಾರೂ ಹಾಗೆ ಹೋಗಿದ್ದು ನನಗೆ ಗೊತ್ತಿಲ್ಲ. ಅವರು ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಉಸಿರು ಒಳಗೆ ಬರುವುದನ್ನು ಕಾಯುತ್ತ ಕುಳಿತಿದ್ದರು. ಅದು ಬಂತು. ನಾನು ಗಡಿಗೆ ಎತ್ತಿಕೊಂಡು ಒಳಗೆ ಹೋದೆ.