ನಾನು ಬರೆದ ಮೂವತ್ತು ಸೆಕೆಂಡು

ಬೇಲೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆ ನಮ್ಮ ಆಫೀಸಾಗಿತ್ತು. ಇದ್ದವರು ಇಬ್ಬರೇ: ಪಾಲಿಟೆಕ್ನಿಕ್ಕಿನಲ್ಲಿ ನನಗೆ ಪಾಠ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರು, ಗೆಂಡೆಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಾನು. ಸುತ್ತಲಿನ ಊರುಗಳವರಿಗೆ ಚಿಕ್ಕಪುಟ್ಟ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಆ ದಿನಗಳನ್ನು ನೆನೆದರೆ ಈಗಲೂ ಕೆಳಗಿನಿಂದ ಮೇಲೇರಿ ಬರುತ್ತಿದ್ದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಂದಂತಾಗುತ್ತದೆ.

ಜಾವಗಲ್ಲಿನ ಒಂದು ಕ್ಲಿನಿಕ್ಕಿಗೆ ರೋಗಿಗಳ ಚೀಟಿ ಬರೆಯುವ, ಹಳೆಯ ವಿವರ ತೋರಿಸುವ ಅಪ್ಲಿಕೇಶನ್ ಮಾಡಿದ್ದೆವು. ಅದು ಬಾಡಿಗೆ ಸರ್ವರಿನಲ್ಲಿ, ಬೇಕಾದ್ದನ್ನೆಲ್ಲ ಒಟ್ಟಿಗೆ ತುಂಬಿಟ್ಟ ಕಂಟೇನರ್ ಒಳಗೆ ಓಡುತ್ತಿತ್ತು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರುಮಾಡುವುದು ವಾಡಿಕೆ. ಅಪ್ಲಿಕೇಶನ್ ನೆಟ್ಟಗಿದೆಯೇ ಎಂದು ಹತ್ತು ಸೆಕೆಂಡಿಗೊಮ್ಮೆ ಕೇಳುವ ಹೆಲ್ತ್ ಚೆಕ್ ಬರೆದವಳು ನಾನೇ. ಮೂರು ಸಲ ಉತ್ತರ ಬರದಿದ್ದರೆ ಕಂಟೇನರನ್ನು ನಿಲ್ಲಿಸಿ ಹೊಸದಾಗಿ ಎಬ್ಬಿಸಬೇಕು ಎಂದೂ ಬರೆದಿದ್ದೆ. ತಿಂಗಳುಗಟ್ಟಲೆ ಯಾವ ತೊಂದರೆಯೂ ಆಗಲಿಲ್ಲ.

ಒಂದು ಬೆಳಿಗ್ಗೆ ಕ್ಲಿನಿಕ್ಕಿನ ನರ್ಸ್ ಫೋನ್ ಮಾಡಿದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು.

"ಮೊಬೈಲಲ್ಲಿ ನಿಮ್ದು ತೆಗೀತಾನೇ ಇಲ್ಲ ಕಣಮ್ಮ. ಹೊರಗೆ ಜನ ಕುಂತವ್ರೆ."

ನಾನು ಏನನ್ನೂ ನೋಡದೆ, "ನಿಮ್ಮಲ್ಲಿ ನೆಟ್‌ವರ್ಕ್ ಸರಿ ಇಲ್ಲ ಅನ್ಸುತ್ತೆ ಅಕ್ಕ. ಸಿಗ್ನಲ್ ಸಿಗೋ ಕಡೆ ಇಟ್ಕೊಂಡು ನೋಡಿ" ಎಂದೆ. ಮರುದಿನವೂ ಅದೇ ಫೋನು, ಅದೇ ಉತ್ತರ. ಮೂರನೆಯ ದಿನ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲಿ ಕೂತ್ಕೊಂಡು ಊಹೆ ಮಾಡಬೇಡಮ್ಮ. ಹೋಗಿ ನೋಡ್ಕೊಂಡು ಬಾ."

ಹಳೇಬೀಡಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಮಾತು ನಂಬಿ ನರ್ಸಕ್ಕ ತಮ್ಮ ಭಾರದ ಮರದ ಮೇಜನ್ನೇ ಹೊಸ್ತಿಲ ಬಳಿಗೆ ಎಳೆದು ತಂದಿದ್ದರು. ಬಿಸಿಲಿನಲ್ಲಿ ಕೂತು, ಒಂದು ನೋಟ್‌ಬುಕ್ಕಿನಲ್ಲಿ ಕೈಯಿಂದ ಹೆಸರು ಬರೆದುಕೊಳ್ಳುತ್ತಿದ್ದರು.

ಪಕ್ಕದ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೆರೆದು ನಡೆದದ್ದನ್ನೆಲ್ಲ ಬರೆದಿಡುವ ಸರ್ವರಿನ ಲಾಗ್ ಓದಿದೆ. ಎಲ್ಲವೂ ಅಲ್ಲೇ ಇತ್ತು. ಅಪ್ಲಿಕೇಶನ್ ಏಳುತ್ತಿತ್ತು, ಹಳೆಯ ರೋಗಿಗಳ ವಿವರ ತುಂಬಿಕೊಳ್ಳತೊಡಗುತ್ತಿತ್ತು, ಅರ್ಧದಲ್ಲೇ ನಿಲ್ಲುತ್ತಿತ್ತು. ಮತ್ತೆ ಏಳುತ್ತಿತ್ತು. ನಿಲ್ಲಿಸುತ್ತಿದ್ದುದು ನನ್ನ ಹೆಲ್ತ್ ಚೆಕ್. ವಿವರಗಳು ಬೆಳೆದು ಈಗ ತುಂಬಿಕೊಳ್ಳಲು ಐವತ್ತು ಸೆಕೆಂಡು ಬೇಕಾಗಿತ್ತು. ನಾನು ಕೊಟ್ಟಿದ್ದು ಮೂವತ್ತು.

ಶುರುವಾದ ಮೊದಲ ಎರಡು ನಿಮಿಷ ಉತ್ತರ ಬರದಿದ್ದರೂ ಲೆಕ್ಕಕ್ಕೆ ಹಿಡಿಯಬಾರದು ಎಂದು ತಿದ್ದಿ, ನೋಡುತ್ತಾ ಕೂತೆ. ಆರನೆಯ ಸಲ ಕೇಳಿದಾಗ ಸರಿ ಎಂಬ ಉತ್ತರ ಬಂತು. ನರ್ಸಕ್ಕನ ಮೊಬೈಲಿನಲ್ಲಿ ಪುಟ ತೆರೆಯಿತು.

"ತಪ್ಪು ನಂದು ಅಕ್ಕ. ನಿಮ್ಮ ನೆಟ್‌ವರ್ಕ್ ಚೆನ್ನಾಗೇ ಇತ್ತು."

ಅವರು ನೋಟ್‌ಬುಕ್ ಮುಚ್ಚಿಟ್ಟರು. "ಮೂರು ದಿನದಿಂದ ಡಾಕ್ಟ್ರು ನಂಗೇ ಬಯ್ತಾವ್ರೆ ಕಣಮ್ಮ, ನಿಂಗೆ ಮೊಬೈಲು ನೋಡಕ್ಕೆ ಬರಲ್ಲ ಅಂತ."

ಒಳಗೆ ಹೋಗಿ ಡಾಕ್ಟರಿಗೂ ಹೇಳಿದೆ. ಅವರು ತಲೆಯಾಡಿಸಿ, ಹೊರಗೆ ಬಂದು ನರ್ಸಕ್ಕನಿಗೆ, "ನಿಮ್ದೇನೂ ತಪ್ಪಿರ್ಲಿಲ್ವಂತೆ" ಎಂದು ಎಲ್ಲರೆದುರೇ ಹೇಳಿದರು. ನರ್ಸಕ್ಕನ ಮುಖ ಸಡಿಲವಾಯಿತು.

"ಬಾ, ಈ ಮೇಜು ಒಂದ್ಕಡೆ ಹಿಡ್ಕೊ" ಎಂದರು. ಇಬ್ಬರೂ ಸೇರಿ ಅದನ್ನು ಒಳಗಿಟ್ಟೆವು. ಮಧ್ಯಾಹ್ನ ಅವರ ಡಬ್ಬಿಯ ಚಿತ್ರಾನ್ನದಲ್ಲಿ ನನಗೂ ಪಾಲು ಸಿಕ್ಕಿತು.

ಬೇಲೂರಿಗೆ ಮರಳಿದಾಗ ಬೈಗುಳಕ್ಕೆ ಸಿದ್ಧಳಾಗಿದ್ದೆ. ಮೇಷ್ಟ್ರು ಕೇಳಿದ್ದು ಒಂದೇ: "ಬೇರೆಯವರಿಗೆ ಮಾಡಿಕೊಟ್ಟಿದ್ದರಲ್ಲೂ ಇದೇ ಮೂವತ್ತು ಸೆಕೆಂಡು ಹಾಕಿದ್ದೀಯಾ?"

ಹಾಕಿದ್ದೆ. ಸಂಜೆಯ ಬಸ್ಸಿಗೆ ಹೊತ್ತಾಗುವವರೆಗೂ ಇಬ್ಬರೂ ಕೂತು, ಯಾವ ಅಪ್ಲಿಕೇಶನ್ ಏಳಲು ಎಷ್ಟು ಹೊತ್ತು ಬೇಕೆಂದು ಒಂದೊಂದನ್ನೇ ಅಳೆದು ತಿದ್ದಿದೆವು.

ಮೇಷ್ಟ್ರು ಈಗ ಅರಸೀಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ತೊಡಕು ಬಿಡಿಸಿದಾಗ ಹೇಳಿಕೊಳ್ಳಲು ಎದುರಿನ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ. ಮೇಷ್ಟ್ರಿಗೇ ಫೋನ್ ಮಾಡುತ್ತೇನೆ.