ರೇಡಿಯೋ ಜೋರು ಮಾಡುತ್ತಿದ್ದ ವಿನೋದಕ್ಕ

ಸಿದ್ದಾಪುರದ ಬಸ್ ನಿಲ್ದಾಣದ ಎದುರು ವಿನೋದಕ್ಕ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದ ಕಾಲದಲ್ಲಿ ಅದರ ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಒಳಗೆ ಆಡಿದ್ದೆಲ್ಲ ಹೊರಗೆ ಕಾದು ಕೂತವರ ಕಿವಿಗೆ ಬೀಳುತ್ತಿತ್ತು. ಯಾರದಾದರೂ ದನಿ ನಡುಗತೊಡಗಿದರೆ ವಿನೋದಕ್ಕ ಕೈ ಚಾಚಿ ರೇಡಿಯೋ ಜೋರು ಮಾಡಿಬಿಡುತ್ತಿದ್ದಳು. "ಕಿವಿ ತೂತಾಗ್ತದೆ ಮಾರಾಯ್ತಿ, ಸಣ್ಣ ಮಾಡು" ಎಂದು ಯಾರಾದರೂ ಗೊಣಗಿದರೆ, "ಅಡಿಕೆ ಧಾರಣೆ ಕೇಳ್ಬೇಕು ನಂಗೆ" ಎನ್ನುತ್ತಿದ್ದಳು. ಅವಳ ಹೆಸರಿನಲ್ಲಿ ಒಂದು ಅಡಿಕೆ ಮರವೂ ಇರಲಿಲ್ಲ.

ಈ ಮಾತನ್ನು ರೋಹಿಣಿಗೆ ಹೇಳಿದವರು ಊರಿನ ಹಳಬರು. ಅವಳು ಕೋಲಸಿರ್ಸಿಯಿಂದ ದಿನಾ ಬಸ್ಸಿಗೆ ಬಂದು ವಿನೋದಕ್ಕನ ಹತ್ತಿರ ಮದುವೆ ಕಾಗದ ಟೈಪು ಮಾಡಲು ಸೇರಿದ್ದು ಎರಡು ಸಾವಿರದ ನಾಲ್ಕರಲ್ಲಿ. ಅಷ್ಟೊತ್ತಿಗೆ ಬೂತ್ ಹೋಗಿ, ಅದೇ ಜಾಗದಲ್ಲಿ ನಾಲ್ಕು ಕಂಪ್ಯೂಟರಿನ ಇಂಟರ್‌ನೆಟ್ ಕೇಂದ್ರ ಆಗಿತ್ತು. ರೇಡಿಯೋ ಮಾತ್ರ ಅದೇ.

ಅಲ್ಲಿ ಇ-ಮೇಲ್ ನೋಡುವ ಪದ್ಧತಿಯೇ ಬೇರೆ ಇತ್ತು. ಬಂದವರು ಕುರ್ಚಿಯಲ್ಲಿ ಕೂತು, "ವಿನೋದಕ್ಕಾ, ನನ್ ಪಾಸ್‌ವರ್ಡ್ ಎಂತದಿತ್ತೇ?" ಎಂದು ಕೂಗುವುದು. ಪಕ್ಕದ ಕುರ್ಚಿಯವನೇ ಉತ್ತರ ಕೊಡುವುದು: "ನಿಮ್ಮ ಮನೆದೇವ್ರ ಹೆಸ್ರು ಹಾಕ್ ನೋಡು." ಹಾಕಿದರೆ ತೆರೆದೇ ತೆರೆಯುತ್ತಿತ್ತು. ಯಾರ ಮನೆಗೆ ಯಾವ ದೇವರೆಂದು ತಾಲೂಕಿಗೇ ಗೊತ್ತಿದ್ದ ಮೇಲೆ ಇನ್ನೇನು!

ವಿನೋದಕ್ಕ ನಕ್ಕು, "ದೇವ್ರಿಗೆ ಬೇರೆ ಕೆಲ್ಸ ಇಲ್ವನ್ರೋ, ನಿಮ್ಮ ಟಪಾಲು ಕಾಯೂದು ಬಿಟ್ಟು?" ಎನ್ನುತ್ತಿದ್ದಳು.

ರೋಹಿಣಿಗೆ ಎಳವೆಯಿಂದ ಮೂರ್ಛೆರೋಗ. ಮನೆಯವರು ಅದನ್ನು ಊರಿಗೆ ತಿಳಿಯಗೊಟ್ಟಿರಲಿಲ್ಲ. ಎಲ್ಲಾದರೂ ಬಿದ್ದರೆ ಉಪವಾಸದ ತಲೆತಿರುಗು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಅವಳು ಕೇಂದ್ರದಲ್ಲೇ ಬಿದ್ದಳು. ಎಚ್ಚರವಾದಾಗ, ಮೂರ್ಛೆ ಬಿದ್ದವರಿಗೆ ಜನ ಹಿಡಿಸುವ ಕಬ್ಬಿಣದ ಬೀಗದಕೈ ಕೈಯಲ್ಲಿರಲಿಲ್ಲ, ಸುತ್ತ ಜನ ಇರಲಿಲ್ಲ. ಅವಳನ್ನು ಮಗ್ಗುಲಿಗೆ ಮಲಗಿಸಿ, ತಲೆಯಡಿಗೆ ಶಾಲು ಮಡಚಿಟ್ಟು, ವಿನೋದಕ್ಕ ಶಟರ್ ಎಳೆದುಬಿಟ್ಟಿದ್ದಳು. ಹೊರಗೆ ಯಾರೋ ಬಡಿಯುತ್ತಿದ್ದರು.

"ಕರೆಂಟಿಲ್ಲ, ನಾಳೆ ಬನ್ನಿ!"

"ಕರೆಂಟಿಲ್ದೆ ರೇಡಿಯೋ ಹಾಡ್ತಾ ಉಂಟಲ್ಲೆ?"

"ಅದು ಸೆಲ್ಲಿಂದು!"

ರೋಹಿಣಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಆಮೇಲೆ ಎಲ್ಲ ಹೇಳಿದಳು. ಹುಬ್ಬಳ್ಳಿಯ ಡಾಕ್ಟರು, ಗುಳಿಗೆ, ಮನೆಯಲ್ಲಿಟ್ಟರೆ ಯಾರ ಕಣ್ಣಿಗಾದರೂ ಬೀಳುತ್ತದೆಂದು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತನ್ನ ಹೆಸರಿನಡಿ ಇಟ್ಟ ವರದಿಗಳು.

"ಮನೇಲಿ ಬೇಡ ಅಂತ ಸಂತೆಯಲ್ಲಿಟ್ಯನೇ?" ಎಂದಳು ವಿನೋದಕ್ಕ.

ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಒಂದು ಪ್ರೋಗ್ರಾಮ್ ಇತ್ತು. ಕೀಲಿಮಾತು ಕೊಟ್ಟರೆ ಅದು ಕಡತದೊಳಗಿನ ಅಕ್ಷರ, ಚಿತ್ರಗಳನ್ನೆಲ್ಲ ಕಲಸಿ ಅರ್ಥವಿಲ್ಲದ ಗೊಜ್ಜು ಮಾಡಿಡುತ್ತಿತ್ತು. ಅದೇ ಮಾತು ಮತ್ತೆ ಕೊಟ್ಟವರಿಗೆ ಮಾತ್ರ ಎಲ್ಲ ಮೊದಲಿನಂತೆ ಕೂಡಿಕೊಳ್ಳುತ್ತಿತ್ತು. ವಿನೋದಕ್ಕ ಅದನ್ನು ತೆರೆದುಕೊಟ್ಟಳು.

"ಮನೆದೇವ್ರು ಬೇಡ, ಹುಟ್ಟಿದ ದಿನ ಬೇಡ. ಅಮ್ಮನ ಹತ್ರಾನೂ ಆಡದ ಮಾತು ಒಂದಿರ್ತದಲ್ಲ, ಅದನ್ನ ಉದ್ದಕ್ಕೆ ಹಾಕು. ಮರೆತರೆ ನಾನೂ ತೆಗೆಯೂಕಾಗೂದಿಲ್ಲ, ಬ್ರಹ್ಮನಿಗೂ ಆಗೂದಿಲ್ಲ." ಹೇಳಿದವಳು ರೇಡಿಯೋದ ಕಿವಿ ತಿರುವಿ, ಬೆನ್ನು ಹಾಕಿ ಕಿಟಕಿಯಾಚೆ ಬಸ್ಸು ನೋಡುತ್ತ ನಿಂತಳು. ರೋಹಿಣಿ ಮುಗಿಯಿತೆನ್ನುವವರೆಗೂ ತಿರುಗಲಿಲ್ಲ.

ಆ ವರ್ಷವೇ ಶಿರಸಿಯಲ್ಲಿ ಬೈಕ್ ರಿಪೇರಿ ಅಂಗಡಿಯಿದ್ದ ರಾಘುವಿನ ಕಡೆಯಿಂದ ಸಂಬಂಧ ಬಂತು. ಹುಡುಗಿಯನ್ನು ವಿಚಾರಿಸಲೆಂದು ಅವನ ಸೋದರಮಾವ ಶಾಂತಾರಾಮ, ಅರ್ಜಿ ಬರೆಸುವ ನೆವ ಮಾಡಿಕೊಂಡು ಕೇಂದ್ರಕ್ಕೆ ಬಂದ. ರೋಹಿಣಿ ಚಾ ತರಲು ಹೋಗಿದ್ದಳು. ಬಂದು ಹೊಸ್ತಿಲಲ್ಲಿ ನಿಂತರೆ, ಆತ ಅವಳ ಕುರ್ಚಿಯಲ್ಲೇ ಕೂತಿದ್ದಾನೆ. ತೆರೆಯ ಮೇಲೆ ಅವಳ ಹೆಸರಿನ ಕಡತ.

"ಎಂತದೇ ಇದು, ಬರೀ ಕಸ? ಕೀಲಿ ಕೇಳ್ತದೆ. ತೆಗೆದ್ಕೊಡು."

"ನಂಗೆ ಬರೂದಿಲ್ಲ ಶಾಂತಾರಾಮಣ್ಣ" ಎಂದಳು ವಿನೋದಕ್ಕ.

"ನಿನ್ ಮಷೀನು, ನಿಂಗೇ ಬರೂದಿಲ್ಲ? ಮುಚ್ಚಿಡೂಕೆ ಕಳ್ಳತನ ಮಾಡಿದ್ಲಾ ಆ ಹುಡುಗಿ?"

"ನಿಮ್ಮನೆ ಬಚ್ಚಲಿಗೆ ಬಾಗ್ಲುಂಟಾ?"

"ಉಂಟು."

"ಒಳಗೆ ಕೂತು ಎಂತ ಕದೀತ್ರಿ?"

ಕೇಂದ್ರ ತುಂಬ ನಗು. ಶಾಂತಾರಾಮನೂ ಮುಖ ಹುಳ್ಳಗೆ ಮಾಡಿಕೊಂಡು ನಕ್ಕು ಎದ್ದ. ರೋಹಿಣಿ ಮಾತ್ರ ನಗದೆ ಚಾ ಲೋಟ ಮೇಜಿನ ಮೇಲಿಟ್ಟಳು. ಕೀಲಿ ಹಾಕುವ ಮೊದಲಾಗಿದ್ದರೆ ಆತ ಓದಿಯೇಬಿಡುತ್ತಿದ್ದ. ಸಂಜೆಯೊಳಗೆ ಊರು ಓದುತ್ತಿತ್ತು.

ಆ ರಾತ್ರಿ ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಈಗ ಕೀಲಿ ತನ್ನೊಬ್ಬಳ ಹತ್ತಿರ ಇದೆ. ಹಾಗಾದರೆ ಯಾರಿಗೆ ತೆರೆಯಬೇಕೆನ್ನುವುದೂ ತನ್ನದೇ. ಮರುವಾರ ರಾಘುವನ್ನು ಕೇಂದ್ರಕ್ಕೆ ಬರಹೇಳಿದಳು. ತಾನೇ ಕೀಲಿಮಾತು ಒತ್ತಿದಳು. ವಿನೋದಕ್ಕ ಎಂದಿನಂತೆ ರೇಡಿಯೋ ಜೋರು ಮಾಡಿ ಕಿಟಕಿಗೆ ಹೋದಳು.

ರಾಘು ನಿಧಾನವಾಗಿ ಕೊನೆಯ ಪುಟದವರೆಗೂ ಓದಿದ.

"ಗುಳಿಗೆ ಊಟಕ್ಕೆ ಮೊದ್ಲಾ, ಆಮೇಲಾ?"

"ಆಮೇಲೆ."

"ಮಾವನ ಹತ್ರ ಎಂತ ಹೇಳ್ಲಿ?"

"ನೀವು ಹೇಳ್ಬೇಡಿ. ಹೇಳ್ಬೇಕಾದಾಗ ನಾನೇ ಹೇಳ್ತೆ."

ಮದುವೆ ಕಾಗದವನ್ನು ವಿನೋದಕ್ಕನೇ ಕೂತು ಟೈಪು ಮಾಡಿದಳು. ಒಂದೂ ತಪ್ಪಿರಲಿಲ್ಲ.

ಎರಡು ಸಾವಿರದ ಒಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ವಿನೋದಕ್ಕ ಹೋಗಿಬಿಟ್ಟಳು. ಹೊಟ್ಟೆಯಲ್ಲಿ ಗಡ್ಡೆಯಿತ್ತಂತೆ. ಆ ನೋವನ್ನೂ ಯಾರ ಕಿವಿಗೂ ಬೀಳದಂತೆ ಇಟ್ಟುಕೊಂಡಿದ್ದಳು. ಹದಿಮೂರನೆಯ ದಿನ ಕಳೆದ ಮೇಲೆ ಅವಳ ತಂಗಿ ಸೀತಾ ರೋಹಿಣಿಯನ್ನು ಕರೆಕಳಿಸಿದಳು. ಕಂಪ್ಯೂಟರಿನಲ್ಲಿ 'ವಿನೋದಾ' ಎಂಬ ಕಡತವೊಂದಿತ್ತು, ಕೀಲಿ ಹಾಕಿದ್ದು.

"ನಿಂಗೇ ಕಲ್ಸಿದ್ದಲ್ಲ ಅಕ್ಕ. ತೆಗಿ ರೋಹಿಣಿ. ಅವಳ ಒಂದು ಮಾತಾದ್ರೂ ಸಿಗ್ತದೇನ."

ರೋಹಿಣಿ ಕುರ್ಚಿಯಲ್ಲಿ ಕೂತಳು. ಅವಳಿಗೂ ಆ ಮಾತು ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಬೆರಳು ತಾನಾಗಿ ಕೀಲಿಮಣೆಯ ಮೇಲೆ ಹೋಯಿತು. ಊಹಿಸಬಹುದಾದ ಒಂದೆರಡು ಮಾತುಗಳು ತಲೆಗೆ ಬಂದವು. ಕಿಟಕಿಯಾಚೆ ಯಾವುದೋ ಬಸ್ಸು ಬಂದು ನಿಂತಿತ್ತು. ಅವಳು ಕೈ ಹಿಂದೆ ತೆಗೆದುಕೊಂಡಳು.

"ನಂಗೆ ಬರೂದಿಲ್ಲ ಸೀತಕ್ಕ."

"ಎಂತ ಇತ್ತೇನ ಅದ್ರಲ್ಲಿ!" ಸೀತಾ ಸೆರಗು ಬಾಯಿಗೊತ್ತಿ ಬಿಕ್ಕಿದಳು. ಬಾಗಿಲಲ್ಲಿ ಪಕ್ಕದ ಅಂಗಡಿಯವರು ಇಣುಕಿದರು.

ರೋಹಿಣಿ ಎದ್ದು ರೇಡಿಯೋ ಹಾಕಿದಳು. ಕಿವಿ ತಿರುವಿ ಜೋರು ಮಾಡಿದಳು.