ಬೇಡ ಅನ್ನದ ಪ್ರಸಾದಣ್ಣ

ಬಾಯಾರು ಊರಿನ ಆಚೀಚೆ ಯಾರ ಮನೆಯಲ್ಲಿ ಮದುವೆಯೋ ಪೂಜೆಯೋ ಅಂತ ಜೆಂಬರ ಎದ್ದರೂ ಪುರೋಹಿತರಿಗಿಂತ ಮೊದಲು ಅಡಿಗೆಯ ಈಶ್ವರಪ್ರಸಾದರಿಗೆ ಹೇಳಬೇಕು. ಪುರೋಹಿತರು ಬೇರೆ ಸಿಕ್ಕಾರು, ಪ್ರಸಾದಣ್ಣ ಸಿಗಲಿಕ್ಕಿಲ್ಲ. ಹರಿವಾಣದಲ್ಲಿ ಎಲೆ ಅಡಿಕೆ ಇಟ್ಟು ಮುಂದೆ ಹಿಡಿದರೆ ಸಾಕು, ಮಾರಾಯರಿಗೆ ಬೇಡ ಅನ್ನಲು ಬಾಯಿಯೇ ಬಾರದು. ಒಂದೇ ದಿನ ಎರಡು ಮನೆಗೆ ಒಪ್ಪಿಕೊಂಡು, ಒಂದು ಕಡೆ ಸಾರು ಕುದಿಸಿ ಇನ್ನೊಂದು ಕಡೆಗೆ ಜೀಪು ಹತ್ತಿ ಓಡಿದ್ದೂ ಉಂಟು. ಹೆಂಡತಿ ಬೈದರೆ, “ಎಲೆ ಹಿಡಿದು ಬಂದವರನ್ನು ಹೇಗೆ ವಾಪಸು ಕಳಿಸುವುದು?” ಅನ್ನುತ್ತಿದ್ದರು.

ಈ ಅಡಿಗೆಯಲ್ಲಿ ಒಂದು ಫಜೀತಿ ಉಂಟು. ದೇವರಿಗೆ ನೈವೇದ್ಯ ಆಗುವ ತನಕ ಮಾಡಿದವನು ನಾಲಿಗೆಗೆ ಒಂದು ತೊಟ್ಟೂ ಮುಟ್ಟಿಸುವ ಹಾಗಿಲ್ಲ. ಉಪ್ಪು ಕೈಯಂದಾಜು, ಉಳಿದದ್ದೆಲ್ಲ ಮೂಗಿನ ಕೆಲಸ. ಮೂಸಿ ನೋಡುವುದೂ ಶಾಸ್ತ್ರಕ್ಕೆ ಸಲ್ಲದು, ನಿಜ. ಆದರೆ ಒಲೆಯ ಮುಂದೆ ನಿಂತವನ ಮೂಗಿಗೆ ತಾನಾಗಿ ಬಂದದ್ದನ್ನು ಯಾವ ಶಾಸ್ತ್ರ ತಡೆದೀತು? ಮೆಣಸು ಕರಟುವ ಮೊದಲೇ, ಬೆಲ್ಲ ಅಡಿಹಿಡಿಯುವ ಮೊದಲೇ ಅಂಗಳದ ಆ ಕೊನೆಯಿಂದ ಪ್ರಸಾದಣ್ಣ ಕೂಗುತ್ತಿದ್ದರು. ಅವರ ಹೆಸರು ನಿಂತದ್ದೇ ಆ ಮೂಗಿನ ಮೇಲೆ.

ಕೊರೊನಾ ಜ್ವರ ಬಂತು ನೋಡಿ, ಮೂಗನ್ನು ಕಟ್ಟಿಕೊಂಡೇ ಹೋಯಿತು. ಬೇರೆಯವರಿಗೆಲ್ಲ ಸ್ವಲ್ಪ ದಿನದಲ್ಲಿ ವಾಸನೆ ತಿರುಗಿ ಬಂತು, ಇವರಿಗೆ ಬರಲಿಲ್ಲ. ಇಂದು ಬಂದೀತು, ನಾಳೆ ಬಂದೀತು ಅಂತ ಕಾದರು. ಒಗ್ಗರಣೆ ಸಿಡಿಯುತ್ತಿದ್ದರೆ ಸದ್ದು ಮಾತ್ರ ಕೇಳುತ್ತಿತ್ತು. ಬಾಯಿರುಚಿಯೂ ಅರ್ಧಕ್ಕರ್ಧ ಹೋಗಿತ್ತು. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಎಲೆ ಹಿಡಿದು ಯಾರು ಬಂದಾರು? ಆ ಭಯ ಒಂದೇ.

ಬಚಾವಾದದ್ದು ವಿಘ್ನೇಶನಿಂದ. ಹತ್ತಿಪ್ಪತ್ತು ವರ್ಷದಿಂದ ಇವರ ಜೊತೆ ಸೌಟು ಹಿಡಿದವನು, ಈಗ ಅವನಿಗೇ ತಲೆ ನರೆಯುತ್ತಾ ಬಂತು. ಪ್ರಸಾದಣ್ಣ ಮೇಷ್ಟ್ರ ಗತ್ತಿನಲ್ಲಿ, “ಎಂತ ವಿಘ್ನೇಶ, ಹದ ಹೇಗುಂಟು ಹೇಳು ನೋಡುವಾ” ಅನ್ನುವುದು. ಅವನು, “ಇಳಿಸಬಹುದು ಅಣ್ಣ” ಅನ್ನುವುದು. ಅಣ್ಣ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂತಲೇ ಅವನು ತಿಳಿದಿದ್ದಾನೆ ಎಂದು ಪ್ರಸಾದಣ್ಣ ನೆಮ್ಮದಿಯಾಗಿದ್ದರು.

ಉದಯಶಂಕರರ ಮನೆಯ ಪೂಜೆಯ ದಿನ ವಿಘ್ನೇಶ ಕುಂಬಳೆಯಲ್ಲಿ ಭಾವನ ಹೊಸ ಮನೆಯ ಒಕ್ಕಲು ಪೂಜೆಗೆ ಹೋಗಿದ್ದ. ಪ್ರಸಾದಣ್ಣ ಆ ಪೂಜೆಯನ್ನಾದರೂ ಬಿಡಬೇಕಿತ್ತು. ಬಿಟ್ಟಾರೇ? ಹೊಸ ಕೈಯಾಳುಗಳನ್ನು ಕಟ್ಟಿಕೊಂಡು ಹೊರಟರು. ಗಡಿಬಿಡಿಯಲ್ಲಿ ಕಾಯಿ ಹೆರೆದರು, ಹಾಲು ಹಿಂಡಿದರು, ಪಾಯಸಕ್ಕೆ ಹೊಯ್ದರು. ಹೆರೆದ ರಾಶಿಯಲ್ಲಿ ಒಂದು ಹಾಳು ಕಾಯಿ ಸೇರಿತ್ತು. ಮೊದಲಾದರೆ ಒಡೆದ ಕೂಡಲೇ ಪ್ರಸಾದಣ್ಣ ಅದನ್ನು ತೆಂಗಿನ ಬುಡಕ್ಕೆ ಎಸೆಯುತ್ತಿದ್ದರು. ಆ ದಿನ ಅದರ ಹಾಲೇ ದೇವರ ಮುಂದೆ ಹೋಗಿ ನೈವೇದ್ಯ ಆಯಿತು.

ಊಟಕ್ಕೆ ಎಲೆ ಹಾಕಿ, ಎಲೆಯ ತುದಿಗೆ ಮೊದಲು ಒಂದು ಚೂರು ಪಾಯಸ ಬಡಿಸುವುದು ಇಲ್ಲಿಯ ಪದ್ಧತಿ. ಆಮೇಲೆ ಧಾರಾಳ ಪಾಯಸ ಬರುವುದು ಸಾರು, ಸಾಂಬಾರು ಎಲ್ಲ ಮುಗಿದ ನಂತರ. ಆ ಎರಡನೆಯ ಸಲ ಬಡಿಸುವವನು ಬಾಗಿದ್ದೇ ತಡ, ಸಾಲಿಗೆ ಸಾಲೇ ಎಲೆಯ ಮೇಲೆ ಕೈ ಅಡ್ಡ ಹಿಡಿಯಿತು.

“ಬೇಡ ಬೇಡ, ನನಗೆ ಶುಗರ್ ಉಂಟು.”

“ನನಗೂ ಡಾಕ್ಟ್ರು ಬೇಡ ಅಂದಿದ್ದಾರೆ.”

“ಹೊಟ್ಟೆಯಲ್ಲಿ ಜಾಗವೇ ಇಲ್ಲ ಮಾರಾಯ!”

ಅಬ್ಬಬ್ಬಾ, ಒಂದು ಪಂಕ್ತಿಗೆ ಒಮ್ಮೆಲೇ ಶುಗರ್! ಕಂಬದ ಹತ್ತಿರ ನಿಂತಿದ್ದ ಪ್ರಸಾದಣ್ಣ ಅದನ್ನು ಕಂಡರು. ಒಳಗೆ ಹೋಗಿ ಒಂದು ಸೌಟು ಬಾಯಿಗೆ ಹಾಕಿಕೊಂಡರು. ಸಿಹಿ ಉಂಟೋ ಅಂತ ಕಂಡಿತು, ಬೇರೇನೂ ತಿಳಿಯಲಿಲ್ಲ. ಹೊರಗೆ ಕೈ ತೊಳೆದು ಬಂದವರೆಲ್ಲ, “ಊಟ ಭಾರೀ ಲಾಯ್ಕಾಯ್ತು ಪ್ರಸಾದಣ್ಣ” ಅಂತ ಹೇಳಿಯೇ ಹೋದರು. ಪ್ರಸಾದಣ್ಣನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮುಂದಿನ ವಾರ ವಸುಮತಿ ಟೀಚರ್ ಬಂದರು. ಮಗಳು ಅಕ್ಷಯಾಳ ಮದುವೆ. ಆ ಪೂಜೆಯಲ್ಲಿ ಅವರೂ ಉಂಡಿದ್ದರು. ಆದರೂ ಹರಿವಾಣ ಮುಂದೆ ಹಿಡಿದರು. ಪ್ರಸಾದಣ್ಣ ಕೈ ಚಾಚಿದರು, ಅಭ್ಯಾಸ ನೋಡಿ. ಅರ್ಧಕ್ಕೆ ತಡೆದರು.

“ಬೇಡ ಟೀಚರ್. ನನ್ನಿಂದ ಆಗುವುದಿಲ್ಲ.”

“ಆ ದಿನ ಬೇರೆ ಹೇಳಿಕೆ ಉಂಟಾ?”

“ಇಲ್ಲ. ನನಗೆ ವಾಸನೆ ಬರುವುದಿಲ್ಲ.”

ಇಷ್ಟು ವರ್ಷ ಹೊಟ್ಟೆಯಲ್ಲಿ ಕಟ್ಟಿಟ್ಟ ಮಾತು. ಟೀಚರ್ ಹರಿವಾಣ ಕೆಳಗಿಟ್ಟರು.

“ಗೊತ್ತುಂಟು ಪ್ರಸಾದಣ್ಣ. ಜ್ವರ ಬಿಟ್ಟ ವರ್ಷದಿಂದಲೇ ಊರಿಗೆಲ್ಲ ಗೊತ್ತುಂಟು.”

“ಮತ್ತೆ ಯಾಕೆ ಕರೆಯುತ್ತಿದ್ದಿರಿ?”

“ನಿಮಗೆ ಬೇಡ ಅಂತ ಹೇಳುವುದು ಯಾರು?” ಟೀಚರ್ ನೆಲ ನೋಡಿದರು. “ಅಡಿಗೆಗೆ ವಿಘ್ನೇಶನನ್ನು ಕೇಳಿದ್ದೆ. ಅವನು ಕಿವಿ ಮುಚ್ಚಿಕೊಂಡ. ಅಣ್ಣ ಇರುವಾಗ ನಾನು ಎಲೆ ತೆಗೆದುಕೊಳ್ಳುವುದಿಲ್ಲ ಅಂದ. ನಾನೊಬ್ಬಳೇ ಅಲ್ಲ, ಎಷ್ಟೋ ಮಂದಿ ಕೇಳಿದ್ದಾರೆ.”

ಪ್ರಸಾದಣ್ಣನಿಗೆ ಸಿಟ್ಟು ಬಂತು. ಊರಿನ ಮೇಲೆ ಬಂತು, ವಿಘ್ನೇಶನ ಮೇಲೆ ಬಂತು, ಕೊನೆಗೆ ಅದು ತಿರುಗಿ ತಮ್ಮ ಮೇಲೆಯೇ ಬಂದು ಕೂತಿತು. ತಾನು ಒಪ್ಪಿಕೊಂಡ ಒಂದೊಂದು ಎಲೆಯೂ ವಿಘ್ನೇಶನ ಕೈಗೆ ಹೋಗಬೇಕಾದದ್ದು. ಹೆಗಲಿಗೆ ಬೈರಾಸು ಹಾಕಿಕೊಂಡು ಎದ್ದರು.

“ಹರಿವಾಣ ತನ್ನಿ ಟೀಚರ್.”

ವಿಘ್ನೇಶ ತೋಟದ ಬದಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ. ಇವರಿಬ್ಬರನ್ನೂ ಒಟ್ಟಿಗೆ ಕಂಡು ಕತ್ತಿ ಬಿಟ್ಟು ಎದ್ದು ನಿಂತ. ಪ್ರಸಾದಣ್ಣ ಟೀಚರ್ ಕೈಯಿಂದ ಹರಿವಾಣ ತೆಗೆದುಕೊಂಡು ಅವನ ಮುಂದೆ ಹಿಡಿದರು. ಅವನು ಹಿಂದೆ ಸರಿದ.

“ಹಿಡಿ ಮಾರಾಯ. ನಾನು ಕೊಡುವುದು.”

ವಿಘ್ನೇಶ ಮಣ್ಣಿನ ಕೈಯನ್ನು ಲುಂಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದ. ಕಣ್ಣು ತುಂಬಿತ್ತು.

“ನೀವು ಬರುವುದಿಲ್ಲವಾ ಅಣ್ಣ?”

“ಬರುತ್ತೇನೆ,” ಅಂದರು ಪ್ರಸಾದಣ್ಣ. “ಊಟಕ್ಕೆ.”